ಅಟ್ಟದಿಂದ ಇಳಿಸಿದ ಬಾಲ್ಸಾ ಟ್ರೈನರ್: ಹಾರಿಸುವ ಮೊದಲು

ಸರ್, ಮಳೆಗಾಲವಿಡೀ ತೀರ್ಥಹಳ್ಳಿ ಮನೆಯ ಅಟ್ಟದಲ್ಲಿದ್ದ ಟ್ರೈನರನ್ನು (ಕಲಿಯುವವರ ರಿಮೋಟ್ ಕಂಟ್ರೋಲ್ ಮಾದರಿ ವಿಮಾನ) ಈ ಭಾನುವಾರವೇ ಹಾರಿಸಬಹುದಾ, ಬ್ಯಾಟರಿ ‘ಸ್ವಲ್ಪ’ ಉಬ್ಬಿದೆ ಅಂತ ಕೇಳಿದ್ದೀರಿ. ಬ್ಯಾಟರಿ ವಿಷಯದಲ್ಲಿ ಚರ್ಚೆಯೇ ಬೇಡ. ಉಬ್ಬಿದ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಚಾರ್ಜ್ ಮಾಡಬೇಡಿ, ಚುಚ್ಚಲೂಬೇಡಿ, ಇ-ತ್ಯಾಜ್ಯಕ್ಕೆ ಕೊಡಿ. ಹೊಸದನ್ನು ಎತ್ತಿಡುವಾಗ ಸೆಲ್ಲಿಗೆ 3.8 ವೋಲ್ಟ್ ಇರಲಿ.

ನಮ್ಮ ಕಡೆಯ ಥಂಡಿಗೆ ಬಾಲ್ಸಾ ಅನ್ನೋ ಹಗುರ ಮರ ತೇವ ಹೀರಿ ರೆಕ್ಕೆ ತಿರುಚಿಕೊಳ್ಳುತ್ತೆ. ಹಿಂದಿನಿಂದ ನೋಡಿದರೆ ಎರಡೂ ಕಡೆ ಒಂದೇ ತರ ಕಾಣಬೇಕು. ಬಿಳಿ ಮರದ ಅಂಟು ಹಾಕಿದ ಜೋಡಣೆ ಮೆತ್ತಗಾಗಿರಬಹುದು. ಮೋಟರ್ ಹಿಡಿದು ಅಲುಗಿಸಿ, ಫೈರ್‌ವಾಲ್ (ಮೋಟರ್ ಕೂರಿಸಿದ ಮುಂದಿನ ಹಲಗೆ) ಕಿರ್ ಅಂದರೆ ಎಪಾಕ್ಸಿ ಅಂಟು ಹಾಕಿ ಮತ್ತೆ ಕೂರಿಸಿ. ರೆಕ್ಕೆ, ಬಾಲದ ಅಲುಗಾಡುವ ಭಾಗಗಳ ಪ್ರತಿ ಹಿಂಜನ್ನೂ (ಕೀಲು) ಎಳೆದು ನೋಡಿ. ತೂಕದ ಕೇಂದ್ರ ಮುಂದಂಚಿನಿಂದ ರೆಕ್ಕೆಯ ಅಗಲದ 25–30%ರೊಳಗೆ ಬರಲಿ. ಹೊಸ ಬ್ಯಾಟರಿ ಹಗುರವಾಗಿದ್ದರೆ ಬಾಲ ಭಾರವಾಗಿ ಹಿಡಿತ ತಪ್ಪುತ್ತೆ.

ಹೆಚ್ಚಿನವರು ಮರೆಯೋದು ಫೇಲ್‌ಸೇಫ್, ಅಂದರೆ ರಿಮೋಟ್ ಸಿಗ್ನಲ್ ತಪ್ಪಿದಾಗ ಮೋಟರನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆ. ಪ್ರೊಪೆಲರ್ ಬಿಚ್ಚಿಟ್ಟು, ಮೋಟರ್ ಅರ್ಧ ಥ್ರಾಟಲ್‌ನಲ್ಲಿ ತಿರುಗುತ್ತಿರುವಾಗ ಟ್ರಾನ್ಸ್‌ಮಿಟರ್ ಆಫ್ ಮಾಡಿ. ಒಂದೆರಡು ಸೆಕೆಂಡಿನಲ್ಲಿ ಮೋಟರ್ ನಿಲ್ಲಬೇಕು. ನಿಲ್ಲಲಿಲ್ಲ ಅಂದರೆ ರಿಸೀವರ್ ಕೊನೆಯ ಸಿಗ್ನಲನ್ನೇ ಹಿಡಿದುಕೊಂಡಿದೆ ಅಂತ ಲೆಕ್ಕ. ಸಂಪರ್ಕ ಕಡಿದರೆ ವಿಮಾನ ಅದೇ ವೇಗದಲ್ಲಿ ಯಾರದೋ ಅಡಿಕೆ ಕೊಯ್ಲಿನ ಮಧ್ಯೆ ನುಗ್ಗುತ್ತೆ. ಕಿಟ್ ಯಾರದೇ ಇರಲಿ, ಜೋಡಿಸಿದವರು ನೀವು, ಹೊಣೆಯೂ ನಿಮ್ಮದೇ.

ಶಿವಮೊಗ್ಗದ ಹತ್ತಿರ ಹಾರಿಸೋದಾದರೆ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಕೊಳ್ಳಿ. 2021ರ ಡ್ರೋನ್ ನಿಯಮಗಳ ಪ್ರಕಾರ ಸೋಗಾನೆ ವಿಮಾನ ನಿಲ್ದಾಣದ ಗಡಿಯಿಂದ 8–12 ಕಿ.ಮೀ. ನಡುವೆ 200 ಅಡಿ ಎತ್ತರದ ತನಕ ಮಾತ್ರ ಹಸಿರು ವಲಯ (ಅನುಮತಿ ಬೇಡದ ಜಾಗ). ಅದಕ್ಕಿಂತ ಹತ್ತಿರ ಅನುಮತಿಯಿಲ್ಲದೆ ಬೇಡ.