‘ಹೋಗುತ್ತಿದ್ದೆ’ ಎಂದಾಗಲೆಲ್ಲ ‘ವಾಸ್ ಗೋಯಿಂಗ್’ ಅಲ್ಲ

ನಮಸ್ಕಾರ,

ಇಂಗ್ಲಿಷ್ ಕಲಿಯುವವರ ಅಂಕಣಕ್ಕೆಂದು ನೀವು ಕಳಿಸಿದ, ‘ಗೋ’ ಕ್ರಿಯಾಪದದ ಪಾಸ್ಟ್ ಕಂಟಿನ್ಯುಯಸ್ (‘ವಾಸ್ ಗೋಯಿಂಗ್’, ‘ವರ್ ಗೋಯಿಂಗ್’ ಎಂಬ ರೂಪ) ಕುರಿತ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಬರವಣಿಗೆ ತಿಳಿಯಾಗಿದೆ, ‘ಐ’ಗೆ ‘ವಾಸ್’, ‘ದೇ’ಗೆ ‘ವರ್’ ಎಂಬ ಪಟ್ಟಿಯೂ ಸರಿಯಿದೆ. ತಪ್ಪಿರುವುದು ಮೊದಲ ಸಾಲಿನ ಸೂತ್ರದಲ್ಲಿ: ‘ಉತ್ತಿದ್ದೆ ಬಂದಲ್ಲೆಲ್ಲ ವಾಸ್ ಹಾಕಿ, ಕ್ರಿಯಾಪದಕ್ಕೆ ಇಂಗ್ ಸೇರಿಸಿ.’

ನಿಮ್ಮದೇ ಉದಾಹರಣೆ ನೋಡಿ. ‘ಚಿಕ್ಕಂದಿನಲ್ಲಿ ನಡೆದುಕೊಂಡೇ ಶಾಲೆಗೆ ಹೋಗುತ್ತಿದ್ದೆ’ ಎಂಬುದನ್ನು ‘ಐ ವಾಸ್ ಗೋಯಿಂಗ್ ಟು ಸ್ಕೂಲ್ ಬೈ ವಾಕ್’ ಮಾಡಿದ್ದೀರಿ. ನಮ್ಮ ‘ಹೋಗುತ್ತಿದ್ದೆ’ಗೆ ಎರಡು ಅರ್ಥ. ಆ ಹೊತ್ತಿಗೆ ದಾರಿಯಲ್ಲಿದ್ದೆ ಎಂದೂ ಆಗುತ್ತದೆ, ಹೋಗುವ ರೂಢಿಯಿತ್ತು ಎಂದೂ ಆಗುತ್ತದೆ. ಜೊತೆಗೆ ‘ನಿನ್ನೆ ಸಂಜೆ’ ಇದೆಯೋ ‘ದಿನಾ’ ಇದೆಯೋ ನೋಡಿ ತಿಳಿದುಕೊಳ್ಳುತ್ತೇವೆ. ‘ವಾಸ್ ಗೋಯಿಂಗ್’ ಮುಖ್ಯವಾಗಿ ಮೊದಲನೆಯದಕ್ಕೆ. ನಿಮ್ಮ ವಾಕ್ಯ ಕೇಳಿದವರು, ಹೋಗುತ್ತಿದ್ದಾಗ ಏನಾಯಿತು ಎಂದು ಕಾಯುತ್ತಾರೆ: ಮಳೆ ಬಂತೋ, ನಾಯಿ ಅಟ್ಟಿಸಿಕೊಂಡು ಬಂತೋ. ರೂಢಿ ಹೇಳಲು ‘ಐ ಯೂಸ್ಡ್ ಟು ಗೋ’ ಬೇಕು; ‘ಎವ್ರಿ ಡೇ’ ಇದ್ದರೆ ಬರೀ ‘ವೆಂಟ್’ ಸಾಕು. ಇಲ್ಲಂತೂ ‘ಐ ಯೂಸ್ಡ್ ಟು ವಾಕ್ ಟು ಸ್ಕೂಲ್’ ಎಂದರೆ ‘ಬೈ ವಾಕ್’ನ ತಪ್ಪೂ ಹೋಗುತ್ತದೆ.

ಇದಕ್ಕೆ ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಕೆಲಸದ ಸಂದರ್ಶನಕ್ಕೆ ಹೊರಟವರು ಅಂಕಣದ ಸೂತ್ರವನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ. ಅದು ಅರ್ಧ ಸತ್ಯವಾಗಿದ್ದರೆ ನಾಲ್ಕು ಜನರ ಮುಂದೆ ತಡವರಿಸುವವರು ಅವರು, ನಾವಲ್ಲ.

ಇನ್ನೊಂದು ಬಳಕೆಯನ್ನು ನೀವು ಮುಟ್ಟಿಯೇ ಇಲ್ಲ. ‘ನಿಮಗೆ ಫೋನ್ ಮಾಡೋಣ ಅಂತಿದ್ದೆ’ ಎಂಬುದಕ್ಕೆ ‘ಐ ವಾಸ್ ಗೋಯಿಂಗ್ ಟು ಕಾಲ್ ಯು’ ಎನ್ನುತ್ತಾರೆ. ಇಲ್ಲಿ ಯಾರೂ ಎಲ್ಲಿಗೂ ಹೋಗುತ್ತಿಲ್ಲ. ಮಾಡಬೇಕೆಂದುಕೊಂಡಿದ್ದ ಮಾತು ಅಷ್ಟೇ. ದಿನಬಳಕೆಯಲ್ಲಿ ಬೇಕಾಗುವ ಇದಕ್ಕೆ ಲೇಖನದ ಅರ್ಧ ಜಾಗ ಕೊಟ್ಟರೂ ನಷ್ಟವಿಲ್ಲ.

ಕೊನೆಯ ಪ್ಯಾರಾದ ‘ಐ ವಾಸ್ ಹ್ಯಾವಿಂಗ್ ಎ ಸೈಕಲ್’ ತೆಗೆದುಬಿಡಿ. ಸೈಕಲ್ ಇತ್ತು ಎನ್ನಲು ‘ಹ್ಯಾಡ್’. ‘ವಾಸ್ ಹ್ಯಾವಿಂಗ್ ಲಂಚ್’ ಸರಿ, ಅಲ್ಲಿ ಅದು ಊಟ ಮಾಡುವ ಕ್ರಿಯೆ.

ಪಟ್ಟಿಯನ್ನು ಕೆಳಗಿಳಿಸಿ. ‘ನಿನ್ನೆ ಸಂತೆಗೆ ಹೋಗುತ್ತಿದ್ದಾಗ ಮಳೆ ಬಂತು’, ‘ಪ್ರತಿ ಸೋಮವಾರ ಸಂತೆಗೆ ಹೋಗುತ್ತಿದ್ದೆ’, ಈ ಎರಡನ್ನೂ ಅಕ್ಕಪಕ್ಕ ಇಟ್ಟು ಲೇಖನ ಶುರುಮಾಡಿ, ಮತ್ತೆ ಕಳಿಸಿ. ಬಂದ ಕೂಡಲೇ ಓದುತ್ತೇನೆ.

ಇಂತಿ,
ಸಂಪಾದಕ