ಶ್ರೀಮಂತ ತಂಡಗಳೇ ಎಲ್ಲ ಹುಡುಗರನ್ನೂ ಬಾಚಿಕೊಳ್ಳುವುದಿಲ್ಲವೇಕೆ?

ಯಾಂಕೀಸ್, ಡಾಡ್ಜರ್ಸ್‌ನಂಥ ದುಡ್ಡಿರುವ ಅಮೆರಿಕದ ಬೇಸ್‌ಬಾಲ್ ತಂಡಗಳು ಕೆರಿಬಿಯನ್ ದೇಶವಾದ ಡೊಮಿನಿಕನ್ ಗಣರಾಜ್ಯದ ಹುಡುಗರನ್ನೆಲ್ಲ ಏಕೆ ಕೊಂಡುಬಿಡುವುದಿಲ್ಲ ಎಂದು ಕೇಳಿದ್ದೀರಿ. 2017ರಿಂದ ಪ್ರತಿ ತಂಡದ ಬೋನಸ್ ನಿಧಿಗೆ, ಅಂದರೆ ಇಂಥ ವಿದೇಶಿ ಹುಡುಗರಿಗೆ ಸಹಿ ಮಾಡುವಾಗ ಕೊಡುವ ಹಣಕ್ಕೆ, ಕಟ್ಟುನಿಟ್ಟಿನ ಮಿತಿಯಿದೆ. ದಂಡ ಕಟ್ಟಿ ಮೀರುವ ಹಳೆಯ ದಾರಿ ಮುಚ್ಚಿದೆ. ಆಟಗಾರರನ್ನು ಬಿಟ್ಟುಕೊಟ್ಟು ಬೇರೆ ತಂಡದ ನಿಧಿ ಪಡೆಯಬಹುದು, ಅದೂ ಒಂದು ಮಟ್ಟದವರೆಗೆ. 10,000 ಡಾಲರ್‌ವರೆಗಿನ ಬೋನಸ್ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ.

ಸಹಿ ಶುರುವಾಗುವುದು ಜನವರಿ 15ಕ್ಕೆ, ಹುಡುಗನಿಗೆ 16 ತುಂಬಿರಬೇಕು. ಆದರೆ ಅಸಲಿ ಪೈಪೋಟಿ 13–14ರ ವಯಸ್ಸಿನಲ್ಲೇ, ಬಾಯಿಮಾತಿನ ಒಪ್ಪಂದಗಳಲ್ಲಿ ಮುಗಿದಿರುತ್ತದೆ. ಅವಕ್ಕೆ ಕಾನೂನಿನ ಬಲವಿಲ್ಲ. ತಂಡ ಕೊನೇ ಗಳಿಗೆಯಲ್ಲಿ ಕೈಬಿಟ್ಟರೆ ಅಷ್ಟರಲ್ಲಿ ಉಳಿದ ತಂಡಗಳ ನಿಧಿಯೂ ಹಂಚಿಹೋಗಿರುತ್ತದೆ. ಪೆಟ್ಟು ಬೀಳುವುದು ಹುಡುಗನಿಗೇ. 2025ರಲ್ಲಿ ಜಪಾನಿನ ಆಟಗಾರ ರೋಕಿ ಸಾಸಾಕಿಗೆ ಡಾಡ್ಜರ್ಸ್ ಇದೇ ನಿಧಿಯಿಂದ 65 ಲಕ್ಷ ಡಾಲರ್ ಕೊಟ್ಟಾಗ, ಆ ತಂಡವನ್ನೇ ನಂಬಿದ್ದ ಕೆಲವು ಹುಡುಗರು ಬೇರೆ ತಂಡ ಸೇರಿದರು.