ಆಟದಂಗಡಿ: ಕತ್ತಿ ಬೀಸಿ ಬೀಸಿ ಬೇಜಾರಾದವರಿಗೆ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಆಟದ ಬಗ್ಗೆ ಇವೆ: 'ಡೀಮನ್ ಸ್ಲೇಯರ್' ಎಂಬ ಅನಿಮೆಯಿಂದ (ಜಪಾನಿ ಕಾರ್ಟೂನ್ ಸರಣಿ) ಹುಟ್ಟಿದ 'ದಿ ಹಿನೊಕಾಮಿ ಕ್ರಾನಿಕಲ್ಸ್'. 2025ರ ಸೆಪ್ಟೆಂಬರಿನಲ್ಲಿ ಅದೇ ಕಥೆಯ 'ಇನ್ಫಿನಿಟಿ ಕ್ಯಾಸಲ್' ಸಿನಿಮಾ ನಮ್ಮಲ್ಲಿ ತೆರೆ ಕಂಡ ಮೇಲೆ ಹುಬ್ಬಳ್ಳಿಯ ನನ್ನ ಅಂಗಡಿಗೂ ಈ ಡಿಸ್ಕ್ ಕೇಳಿಕೊಂಡು ಬರುವವರು ಜಾಸ್ತಿಯಾದರು. ಕೊಂಡು ಹೋಗಿ ಸ್ವಲ್ಪ ದಿನಕ್ಕೇ "ಇದನ್ನ ಇಟ್ಕೊಂಡು ಬ್ಯಾರೆ ಯಾವ್ದರ ಕೊಡ್ರಿ" ಅನ್ನುವವರೂ ಅಷ್ಟೇ ಜಾಸ್ತಿ. ಆದ್ದರಿಂದ ಈ ಕಂತು ಪೂರಾ ಅದಕ್ಕೇ.

ಪ್ರಶ್ನೆ: ಸರ್, ಒಬ್ಬರು "ಅನಿಮೆ ಆಟಗಳಲ್ಲೇ ಇಷ್ಟು ಚೆಂದದ್ದು ಇನ್ನೊಂದಿಲ್ಲ" ಅಂತಾರೆ. ಇನ್ನೊಬ್ಬರು "ಎರಡು ತಾಸು ಆಡಿದರೆ ಎಲ್ಲಾ ನೋಡಿದ ಹಾಗೆ" ಅಂತಾರೆ. ಯಾರನ್ನು ನಂಬಲಿ? ಪಾಕೆಟ್ ಮನಿ ಉಳಿಸಿ ಕೊಳ್ಳುವವನು ನಾನು.
– ಪದವಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಇಬ್ಬರನ್ನೂ ನಂಬು ತಮ್ಮಾ. ಮೊದಲನೆಯವರು ನೋಡಿದ್ದನ್ನು ಹೇಳುತ್ತಿದ್ದಾರೆ, ಎರಡನೆಯವರು ಆಡಿದ್ದನ್ನು.

ನೋಡುವ ಮಾತು ಮೊದಲು. ಕಥಾನಾಯಕ ತಾಂಜಿರೊ ಕತ್ತಿ ಬೀಸಿದಾಗ ಅದರ ಹಿಂದೆ ನೀರಿನ ಅಲೆ ಏಳುತ್ತದಲ್ಲ, ಅದು ನಿಜವಾದ ನೀರಿನ ಥರ ಕಾಣುವುದಿಲ್ಲ. ಹಳೇ ಜಪಾನಿ ಮರದಚ್ಚಿನ ಚಿತ್ರಗಳಲ್ಲಿರುವಂತೆ ದಪ್ಪ ಕಪ್ಪು ಗೆರೆ, ಒಳಗೆ ನೀಲಿ, ತುದಿಯಲ್ಲಿ ಬಿಳಿ ನೊರೆ. ಯುಫೊಟೇಬಲ್ ಸ್ಟುಡಿಯೊ 2019ರ ಅನಿಮೆಯಲ್ಲಿ ತಂದ ಈ ಶೈಲಿಯನ್ನು ಆಟದವರು ಹಾಗೇ ಎತ್ತಿಕೊಂಡಿದ್ದಾರೆ. ಆಟ ಮಾಡಿದ್ದು ಫುಕುವೊಕಾದ ಸೈಬರ್‌ಕನೆಕ್ಟ್ 2 ಕಂಪನಿ, ಬಂದದ್ದು 2021ರ ಅಕ್ಟೋಬರಿನಲ್ಲಿ. ನರುಟೊ 'ಅಲ್ಟಿಮೇಟ್ ನಿಂಜಾ ಸ್ಟಾರ್ಮ್' ಆಡಿದ್ದರೆ ಇವರ ಕೈಗುಣ ನಿನಗೆ ಗೊತ್ತು. ಬಾಸ್ ಫೈಟ್ (ದೊಡ್ಡ ವೈರಿಯ ಜೊತೆಗಿನ ಕಾಳಗ) ಅಂದರೆ ಇವರು ಜೀವ ಬಿಡುತ್ತಾರೆ. ಜೇಡಗಳ ಬೆಟ್ಟದಲ್ಲಿ ರಾಕ್ಷಸ ರುಯಿ ಜೊತೆಗಿನ ಕಾಳಗವನ್ನೇ ನೋಡು. ಅವನ ಕೆಂಪು ದಾರಗಳು ಬಲೆಯಾಗಿ ಮುಚ್ಚಿಕೊಂಡು ಬರುತ್ತವೆ, ಓಡುತ್ತಿರುವ ತಾಂಜಿರೊನ ನೀರಿನ ಅಲೆ ಓಡುತ್ತಲೇ ಬೆಂಕಿಯಾಗುತ್ತದೆ, ಪರದೆಯ ಮೇಲೆ ಬಟನ್ ಗುರುತು ಮೂಡಿದ ಹಾಗೆ ನೀನು ಒತ್ತಬೇಕು. ಒತ್ತುವುದು ಮರೆತು ಬಾಯಿ ಬಿಟ್ಟುಕೊಂಡು ನೋಡುತ್ತ ಕೂತವರನ್ನು ನನ್ನ ಅಂಗಡಿಯಲ್ಲೇ ಕಂಡಿದ್ದೇನೆ.

ಇನ್ನು ಆಡುವ ಮಾತು. ಹೊಡೆಯುವ ಬಟನ್ ಒಂದೇ. ಅದನ್ನೇ ಒತ್ತುತ್ತಿದ್ದರೆ ಕಾಂಬೊ (ಹೊಡೆತಗಳ ಸರಪಳಿ) ತಾನಾಗಿಯೇ ಬೆಳೆಯುತ್ತದೆ, ಕೊನೆಯಲ್ಲಿ ಸ್ಟಿಕ್ಕನ್ನು ಮೇಲಕ್ಕೋ ಕೆಳಕ್ಕೋ ಬಾಗಿಸಿದರೆ ಮುಕ್ತಾಯ ಬದಲಾಗುತ್ತದೆ. ವಿಶೇಷ ವರಸೆಗೆ ಇನ್ನೊಂದು ಬಟನ್, ಅದಕ್ಕೆ ಐದು ಮನೆಯ ಗೇಜ್ (ಶಕ್ತಿಯ ಪಟ್ಟಿ), ಖಾಲಿಯಾದರೂ ತಾನೇ ತುಂಬಿಕೊಳ್ಳುತ್ತದೆ. ಹೆಚ್ಚುಕಮ್ಮಿ ಎಲ್ಲಾ ಪಾತ್ರಗಳಿಗೂ ಇದೇ ಲೆಕ್ಕ. ತಾಂಜಿರೊನನ್ನು ಕಲಿತ ಕೈಗೆ ಗಿಯು ಬರುತ್ತಾನೆ, ಗಿಯು ಬಂದರೆ ಸಬಿತೊ ಬಂದ ಹಾಗೆ. ಬಿಡುಗಡೆಯ ದಿನ ಆಟದಲ್ಲಿ 18 ಪಾತ್ರಗಳಿದ್ದವು ಅನ್ನುತ್ತಾರೆ. ಅದರಲ್ಲಿ ಆರು ಮಂದಿ ಅದೇ ಮುಖಗಳು, ಶಾಲೆಯ ವೇಷ ಹಾಕಿಕೊಂಡು ಮತ್ತೆ ಬಂದವರು. ರಾಕ್ಷಸರನ್ನು ಕೊಲ್ಲುವ ಕಥೆಯಲ್ಲಿ, ರಾಕ್ಷಸಿಯಾದ ತಾಂಜಿರೊನ ತಂಗಿ ನೆಜುಕೊಳನ್ನು ಬಿಟ್ಟರೆ, ನಾವು ಆಡಬಲ್ಲ ರಾಕ್ಷಸ ಒಬ್ಬನೂ ಇರಲಿಲ್ಲ. ಕಥೆಯಲ್ಲಿ ಸಣ್ಣ ಪಾತ್ರವಾದ ಪಾಪದ ಮುರಾತಾಗೆ ಸೀಟು ಸಿಕ್ಕಿತ್ತು, ರುಯಿಗೆ ಇಲ್ಲ. ಆಟಗಾರರು ಸಿಟ್ಟಾದದ್ದು ಇದಕ್ಕೇ. ಆಮೇಲೆ ರುಯಿ, ಅಕಾಜಾ ಮುಂತಾದವರನ್ನು ಉಚಿತ ಅಪ್‌ಡೇಟಿನಲ್ಲಿ ಕೊಟ್ಟರು ಅನ್ನಿ.

ನನ್ನನ್ನು ಕೇಳಿದರೆ ಬೇಜಾರಿನ ಮೂಲ ಕಾಳಗದಲ್ಲಿ ಇಲ್ಲ, ಎರಡು ಕಾಳಗಗಳ ನಡುವಿನ ದಾರಿಯಲ್ಲಿದೆ. ಸ್ಟೋರಿ ಮೋಡಿನಲ್ಲಿ ತಾಂಜಿರೊ ನಿಧಾನಕ್ಕೆ ನಡೆಯುತ್ತಾನೆ, ಮೂಗಿನಿಂದ ರಾಕ್ಷಸರ ವಾಸನೆ ಹಿಡಿಯುತ್ತಾನೆ, ದಾರಿಯಲ್ಲಿ ಬಿದ್ದ 'ನೆನಪಿನ ತುಣುಕು' ಆರಿಸಿಕೊಳ್ಳುತ್ತಾನೆ. ಆ ತುಣುಕು ತೆರೆದರೆ ಅನಿಮೆಯ ದೃಶ್ಯಗಳು ನಿಂತ ಚಿತ್ರಗಳಾಗಿ ಸಾಗುತ್ತವೆ. ನಡುವೆ ಅದೇ ಸಣ್ಣ ರಾಕ್ಷಸರು ಬರುತ್ತಾರೆ, ಅದೇ ಹೊಡೆತ, ಮತ್ತೆ ನಡಿಗೆ.

ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ನೋಡಲು ಹೋಗುವವರಿಗೆ ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ ಅಂತ ಮೊದಲೇ ಗೊತ್ತಿರುತ್ತದೆ. ಆದರೂ ರಾತ್ರಿಯೆಲ್ಲಾ ಕೂರುತ್ತಾರೆ, ಯಾಕೆಂದರೆ ಗೊಲ್ಲತಿ ಇವತ್ತು ಭಾಗವತನಿಗೆ ಏನು ತಿರುಗುಬಾಣ ಬಿಡುತ್ತಾಳೋ ಯಾರಿಗೂ ಗೊತ್ತಿರುವುದಿಲ್ಲ. ಈ ಆಟದ ಸ್ಟೋರಿ ಮೋಡಿನಲ್ಲಿ ಆ ಗೊಲ್ಲತಿ ಇಲ್ಲ. ಕಂಪ್ಯೂಟರ್ ಮುಂದಿನ ಸಲವೂ ಅದನ್ನೇ ಹೇಳುತ್ತದೆ.

ನಿನಗೆ ಹೇಳುವುದಿಷ್ಟು: ಅನಿಮೆ ನೋಡಿ ಮೈಮರೆತವನಾಗಿದ್ದು, ಮನೆಯಲ್ಲಿ ಎರಡನೇ ಕಂಟ್ರೋಲರ್ ಮತ್ತು ಅದನ್ನು ಹಿಡಿಯುವ ಗೆಳೆಯ ಇದ್ದರೆ ತಗೋ. ಒಬ್ಬನೇ ಆಡುವವನಾದರೆ ಸೆಕೆಂಡ್ ಹ್ಯಾಂಡ್ ಡಿಸ್ಕ್ ಹುಡುಕು, ಒಂದು ವಾರಾಂತ್ಯದಲ್ಲಿ ಕಥೆ ಮುಗಿಸು, ಮಾರು. ಅನಿಮೆಯನ್ನೇ ನೋಡಿಲ್ಲವಾದರೆ ಆ ದುಡ್ಡಿಗೆ ಬೇರೆ ಏನಾದರೂ ನೋಡು.

ಪ್ರಶ್ನೆ: ನನ್ನ ಮಗನಿಗೆ ಹತ್ತು ವರ್ಷ. ಕ್ಲಾಸಿನವರೆಲ್ಲ ಆಡುತ್ತಾರೆ ಅಂತ ಹಟ ಹಿಡಿದಿದ್ದಾನೆ. ಕತ್ತಿ, ರಕ್ತ ಅಂದರೆ ನನಗೆ ದಿಗಿಲು. ಕೊಡಿಸಬಹುದೇ?
– ಗೃಹಿಣಿ, ಧಾರವಾಡ

ಉತ್ತರ: ಅಕ್ಕಾ, ಅಮೆರಿಕದ ರೇಟಿಂಗಿನವರು ಇದಕ್ಕೆ 'ಟೀನ್' ಮುದ್ರೆ ಒತ್ತಿದ್ದಾರೆ, ಅಂದರೆ 13 ದಾಟಿದವರಿಗೆ. ರಕ್ತಕ್ಕಿಂತ ಕಥೆಯೇ ಭಾರ: ಹುಡುಗ ಮನೆಗೆ ಬರುವಷ್ಟರಲ್ಲಿ ಮನೆಯವರೆಲ್ಲ ಸತ್ತಿರುತ್ತಾರೆ, ಉಳಿದ ತಂಗಿ ರಾಕ್ಷಸಿಯಾಗಿರುತ್ತಾಳೆ. ಕತ್ತಿಯಿಂದ ರಾಕ್ಷಸರನ್ನು ಕೊಲ್ಲಬೇಕೆಂದರೆ ಇಲ್ಲಿ ಕೊರಳನ್ನೇ ಕತ್ತರಿಸಬೇಕು. ಇನ್ನೆರಡು ಮೂರು ವರ್ಷ ತಡೆಯಿರಿ. "ಕ್ಲಾಸಿನವರೆಲ್ಲ" ಅನ್ನುವುದನ್ನು ಒಮ್ಮೆ ಬೇರೆ ತಾಯಂದಿರ ಹತ್ತಿರ ವಿಚಾರಿಸಿ. ಅವರ ಮಕ್ಕಳು ನಿಮ್ಮ ಮಗನ ಹೆಸರು ಹೇಳಿರುತ್ತಾರೆ.

ಪ್ರಶ್ನೆ: 'ಮುಗೆನ್ ಟ್ರೇನ್' ಸಿನಿಮಾ ನನ್ನ ಅಚ್ಚುಮೆಚ್ಚು. ಅದು ಮೊದಲ ಆಟದಲ್ಲಿ ಇದೆಯೇ? ಎರಡನೇ ಆಟ ಬಂದಿದೆಯಂತೆ, ನೇರ ಅದನ್ನೇ ಕೊಂಡರೆ ನಡೆಯುತ್ತದೆಯೇ?
– ಸಾಫ್ಟ್‌ವೇರ್ ಉದ್ಯೋಗಿ, ಪುಣೆ

ಉತ್ತರ: ಇದೆ. ಮೊದಲ ಆಟ ಅನಿಮೆಯ ಮೊದಲ ಸೀಸನ್ನಿನಿಂದ ಹೊರಟು ಮುಗೆನ್ ರೈಲಿನಲ್ಲಿ ಮುಗಿಯುತ್ತದೆ. ರೆಂಗೊಕು ಮತ್ತು ಅಕಾಜಾ ಎದುರುಬದುರಾಗುವ ಭಾಗ ಇಡೀ ಆಟದಲ್ಲೇ ಮೇಲು. ಅಲ್ಲಿ ಆಟದವರಿಗೆ ನಡಿಗೆ, ವಾಸನೆ, ತುಣುಕು ಯಾವುದೂ ನೆನಪಾಗಿಲ್ಲ, ಪುಣ್ಯ.

ಎರಡನೆಯದು ಬಂದದ್ದು 2025ರ ಆಗಸ್ಟಿನಲ್ಲಿ. ಪಾತ್ರಗಳು 40 ದಾಟಿವೆ, ಒಂಬತ್ತು ಹಾಶಿರಾಗಳೂ (ರಾಕ್ಷಸರನ್ನು ಕೊಲ್ಲುವವರಲ್ಲಿ ಅಗ್ರಗಣ್ಯರು) ಇದ್ದಾರೆ, ಕಥೆ ರಂಜನೆಯ ಬೀದಿಯಿಂದ ಕತ್ತಿ ಕಮ್ಮಾರರ ಹಳ್ಳಿ ದಾಟಿ ಹಾಶಿರಾ ತರಬೇತಿಯವರೆಗೆ ಹೋಗುತ್ತದೆ. ಮೊದಲ ಆಟದ ಕಥೆಯನ್ನು ಚುಟುಕಾಗಿ ಆಡಿಸುವ ಒಂದು ಮೋಡ್ ಕೂಡ ಇಟ್ಟಿದ್ದಾರೆ. ಹಾಗಾಗಿ ನೇರ ಎರಡನೆಯದಕ್ಕೆ ಹೋದರೆ ದಾರಿ ತಪ್ಪುವುದಿಲ್ಲ. ಹೊಡೆಯುವ ಬಟನ್ ಮಾತ್ರ ಇಲ್ಲಿಯೂ ಒಂದೇ. ದೂರಿದವರು ಈಗಲೂ ದೂರುತ್ತಿದ್ದಾರೆ, ಆದರೆ ದನಿ ತಗ್ಗಿದೆ. ಜಗಳಕ್ಕೆ ಇಷ್ಟೊಂದು ಜನ ಸಿಕ್ಕಿದರೆ ಯಾರ ದನಿಯಾದರೂ ತಗ್ಗುತ್ತದೆ.

ಪ್ರಶ್ನೆ: ಈಗಿನ ಹುಡುಗರು ಹೀಗೆ ಗೋಳಾಡುವುದು ನೋಡಿ ನಗು ಬಂತು. ನಾವು ಪಿಎಸ್3ಯಲ್ಲಿ 'ಆಫ್ರೊ ಸಮುರಾಯ್' ಆಡಿದವರು. ಅದನ್ನು ಯಾರಾದರೂ ನೆನೆಯುತ್ತಾರಾ?
– ಬ್ಯಾಂಕ್ ನೌಕರ, ಮೈಸೂರು

ಉತ್ತರ: ನಾನು ನೆನೆಯುತ್ತೇನೆ ಸ್ವಾಮಿ! 2009ರ ಆರಂಭದಲ್ಲಿ ನಾಮ್ಕೊ ಬಂದೈ ತಂದ ಆಟ. ತಕಾಶಿ ಒಕಾಝಾಕಿಯ ಮಾಂಗಾ (ಜಪಾನಿ ಕಾಮಿಕ್ಸ್), ಗೊಂಝೊ ಸ್ಟುಡಿಯೊದ ಐದೇ ಕಂತಿನ ಅನಿಮೆ, ಆಫ್ರೊಗೂ ಅವನ ವಾಚಾಳಿ ಜೊತೆಗಾರನಿಗೂ ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ಒಬ್ಬರದೇ ದನಿ. ಅಪ್ಪನನ್ನು ಕೊಂದವನ ಹತ್ತಿರ 'ನಂಬರ್ ಒನ್' ಹಣೆಪಟ್ಟಿ ಇದೆ, ಮಗ ಅದನ್ನು ಕೀಳಲು ಹೊರಟಿದ್ದಾನೆ, ಕಥೆ ಅಷ್ಟೇ. ಇಡೀ ಪರದೆ ಮಸಿ ಪೆನ್ನಿನಲ್ಲಿ ಗೀಚಿದ ಹಾಗಿರುತ್ತಿತ್ತು. ನೆರಳು ಅಂದರೆ ಅಡ್ಡಗೆರೆಗಳು. ಆರೋಗ್ಯ ತೋರಿಸುವ ಪಟ್ಟಿಯನ್ನೇ ತೆಗೆದು ಹಾಕಿದ್ದರು. ಕಾಲ ನಿಧಾನವಾದಾಗ ಕತ್ತಿಯ ಕೋನ ತಿರುಗಿಸಿ, ಅಲಗು ಮಿಂಚಿದ ಗಳಿಗೆಯಲ್ಲಿ ಬಟನ್ ಬಿಟ್ಟರೆ ಎದುರಿನವನು ನೀವು ಗೆರೆ ಎಳೆದಲ್ಲೇ ಎರಡು ಹೋಳು. ಕತ್ತರಿಸಿದ ಅಂಗಗಳನ್ನು ಇಸ್ಪೀಟಿನ ಎಲೆಗಳಂತೆ ಜೋಡಿಸುವ 'ಬಾಡಿ ಪೋಕರ್' ಎಂಬ ವಿಕಾರವೂ ಇತ್ತು. ಧಾರವಾಡದ ಅಕ್ಕ ಈ ಉತ್ತರ ಓದದಿರಲಿ.

ದೂರುಗಳೂ ಥೇಟ್ ಇಂದಿನವೇ. ಚೆಂದ, ಸಂಗೀತ ಭರ್ಜರಿ, ಆದರೆ ಅದೇ ವೈರಿಗಳು ಅಲೆಅಲೆಯಾಗಿ ಬರುತ್ತಾರೆ, ಕ್ಯಾಮೆರಾ ಗೋಡೆಯ ಹಿಂದೆ ಹೋಗಿ ಕೂರುತ್ತದೆ. ಒಂದು ವ್ಯತ್ಯಾಸ ಒಪ್ಪಿಕೊಳ್ಳಿ: ಎಲ್ಲಿ, ಯಾವ ಕೋನದಲ್ಲಿ ಕತ್ತರಿಸಬೇಕು ಎಂಬುದನ್ನು ಆಫ್ರೊ ನಮಗೆ ಬಿಟ್ಟಿದ್ದ. ಹಿನೊಕಾಮಿ ಅಷ್ಟನ್ನೂ ಬಿಡುವುದಿಲ್ಲ. 2015ರಲ್ಲಿ ಬಂದ ಎರಡನೇ ಆಫ್ರೊನ ಗತಿ ನಿಮಗೆ ಗೊತ್ತಿರಬಹುದು. ಅದರ ಮೊದಲ ಭಾಗ ಬಿಡುಗಡೆಯಾದ ಕೆಲವೇ ವಾರಗಳಲ್ಲಿ ಪ್ರಕಾಶಕರು ಆಟವನ್ನೇ ಮಾರಾಟದಿಂದ ಹಿಂದೆಗೆದು, ಕೊಂಡವರಿಗೆ ದುಡ್ಡು ವಾಪಸ್ ಕೊಟ್ಟರು. ಬೇಜಾರಾದ ಆಟಕ್ಕೆ ಇಂಥ ನ್ಯಾಯ ಸಿಗುವುದು ಅಪರೂಪ. ನನ್ನ ಗಿರಾಕಿಗಳು ಇದನ್ನು ಓದಿ ಕೌಂಟರಿಗೆ ಬರಬಾರದು, ಅಷ್ಟೇ.

ಪ್ರಶ್ನೆ: ಆಟದಲ್ಲಿ ಕನ್ನಡ ಇದೆಯೇ?
– ಬೆಂಗಳೂರು

ಉತ್ತರ: ಇಲ್ಲ. ಮಾತು ಜಪಾನಿ ಅಥವಾ ಇಂಗ್ಲಿಷ್. 'ಇನ್ಫಿನಿಟಿ ಕ್ಯಾಸಲ್' ಸಿನಿಮಾ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ನಮಗೆ ಅದೂ ಇಲ್ಲ. ಕೇಳುತ್ತಿರೋಣ. ಆಡುವಾಗ ಜಪಾನಿಯೇ ಇಟ್ಟುಕೊಳ್ಳಿ, ವರಸೆಯ ಹೆಸರು ಕೂಗುವ ಆ ಅಬ್ಬರ ಇಂಗ್ಲಿಷಿನಲ್ಲಿ ಸಪ್ಪೆ.

ಪ್ರಶ್ನೆ: ಅಣ್ಣಾ, ನನ್ನ ತಂಗಿ ಜೆನಿತ್ಸು ಹಿಡಿದು ಒಂದೇ ಬಟನ್ ಗುದ್ದಿ ಗುದ್ದಿ ನನ್ನನ್ನು ಸೋಲಿಸುತ್ತಾಳೆ. ಇದೂ ಒಂದು ಆಟವಾ?
– ಪಿಯುಸಿ, ಗದಗ

ಉತ್ತರ: ಜೆನಿತ್ಸುಗೆ ಬರುವುದೇ ಒಂದು ವರಸೆ ತಮ್ಮಾ. ಗುಡುಗಿನ ಉಸಿರಾಟದ ಮೊದಲ ಪಟ್ಟು ಬಿಟ್ಟು ಅವನು ಬೇರೆ ಕಲಿಯಲಿಲ್ಲ. ನಿನ್ನ ತಂಗಿ ಪಾತ್ರ ಸರಿಯಾಗಿ ಅರ್ಥ ಮಾಡಿಕೊಂಡಿದ್ದಾಳೆ.

ನೀನು ಮಾಡಬೇಕಾದ್ದು ಹೀಗೆ. ಅವಳು ಗುದ್ದುತ್ತಿರುವಾಗ ನೀನೂ ಗುದ್ದಬೇಡ. ಗಾರ್ಡ್ ಹಿಡಿದು (ಏಟು ತಡೆಯುತ್ತಾ) ಕಾಂಬೊ ಮುಗಿಯುವವರೆಗೆ ಕಾಯು, ಮುಗಿದ ತಕ್ಷಣ ಅವಳ ಕೈ ಒಂದು ಕ್ಷಣ ಖಾಲಿ ಇರುತ್ತದೆ, ಅಲ್ಲಿ ನುಗ್ಗು. ಕೈ ಪಳಗಿದ ಮೇಲೆ ಪ್ಯಾರಿ ಕಲಿ, ಏಟು ಬರುವ ಗಳಿಗೆಯಲ್ಲೇ ಅದನ್ನು ತಟ್ಟಿ ಹಾಕಬಹುದು. ಕಾಂಬೊದಲ್ಲಿ ಸಿಕ್ಕಿಬಿದ್ದರೆ ಜೊತೆಗಾರನ ಗೇಜ್ ಖರ್ಚು ಮಾಡಿ ತಪ್ಪಿಸಿಕೊಳ್ಳುವ ದಾರಿ ಇದೆ, ಅದನ್ನು ಕೊನೆಯ ಸುತ್ತಿಗೆ ಉಳಿಸಿಕೋ. ಶಿನೊಬುವನ್ನು ಆರಿಸಿಕೊಂಡರೆ ಇನ್ನೂ ಒಳ್ಳೆಯದು. ಅವಳ ವಿಷ ಮೈಗೇರಿದರೆ ತಂಗಿಯ ಆರೋಗ್ಯದ ಪಟ್ಟಿ ತಾನಾಗಿ ಇಳಿಯುತ್ತಿರುತ್ತದೆ, ನೀನು ದೂರ ನಿಂತು ಸತಾಯಿಸು.

ಅವಳು ಗಾರ್ಡ್ ಹಿಡಿಯುವುದನ್ನು ಕಲಿತ ದಿನ ಮತ್ತೆ ಬರೆ. ಆಗ ಥ್ರೋ (ಹಿಡಿದು ಎಸೆಯುವ ವರಸೆ) ಹಾಕುವುದು ಹೇಳಿಕೊಡುತ್ತೇನೆ. ಈ ಪುಟ ಮಾತ್ರ ಅವಳ ಕೈಗೆ ಸಿಗದಂತೆ ನೋಡಿಕೋ.